ಟ್ಯಾಪೆಟ್ ಸದ್ದಿನ ಚರಿತ್ರೆ

ನಿಮ್ಮ ಸ್ಕೂಟರ್ ಹಳೇದಾಗ್ತಾ ಆಗ್ತಾ ಸದ್ದು ಕಮ್ಮಿ ಮಾಡ್ತಿದ್ಯಾ? ಮೊದಲೆಲ್ಲ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಸೀಟಿನ ಕೆಳಗಿಂದ ಹೊಲಿಗೆ ಮಿಷನ್ನಿನ ಹಾಗೆ ಟಿಕಟಿಕ ಕೇಳ್ತಿತ್ತು, ಈಗ ಅದೂ ಇಲ್ಲ, ಬೆಣ್ಣೇಲಿ ಕೂದಲು ಎಳೆದ ಹಾಗೆ ಓಡ್ತಿದೆ ಅಂತ ಖುಷಿಯಾಗಿದೀರಾ? ಹಾಗಿದ್ರೆ ಸ್ವಲ್ಪ ಅನುಮಾನ ಪಡಿ. ಮೌನಂ ಸಮ್ಮತಿ ಲಕ್ಷಣಂ ಅನ್ನೋದು ಹೆಣ್ಣು ನೋಡೋ ಶಾಸ್ತ್ರಕ್ಕೆ ಒಂದು ಕಾಲದಲ್ಲಿ ನಡೀತಿತ್ತೇನೋ, ಫೋರ್ ಸ್ಟ್ರೋಕ್ ಎಂಜಿನ್ನಿಗೆ ಯಾವತ್ತೂ ನಡೆಯಲ್ಲ. ಆ ಟಿಕಟಿಕ ಇದ್ಯಲ್ಲ, ಅದು ಎಂಜಿನ್ನಿನ ವಾಲ್ವಿಗೂ ಅದನ್ನು ಒತ್ತುವ ರಾಕರ್ ಆರ್ಮಿಗೂ ನಡುವೆ ಬೇಕಂತಲೇ ಬಿಟ್ಟಿರುವ ಒಂದು ಸಣ್ಣ ಸಂದಿನ ಸದ್ದು. ಮೆಕ್ಯಾನಿಕ್ ಬಾಯಲ್ಲಿ ಅದು ‘ಟ್ಯಾಪೆಟ್ ಸೌಂಡು’. ಜಾಸ್ತಿಯಾದ್ರೆ ಕಿವಿಗೆ ಕಿರಿಕಿರಿ, ಎಂಜಿನ್ನಿಗೂ ನಿಧಾನಕ್ಕೆ ಸವೆತ. ಪೂರ್ತಿ ನಿಂತೇಹೋದ್ರೆ ಮಾತ್ರ ವಾಲ್ವ್ ಸುಟ್ಟುಹೋಗುವ ಕಾಲ ಹತ್ತಿರ ಬಂತು ಅಂತ.

ಈ ಸಂದನ್ನು ಅಳೆದು ಸರಿಮಾಡುವ ಕೆಲಸಕ್ಕೆ ಟ್ಯಾಪೆಟ್ ಸೆಟ್ಟಿಂಗ್ ಅಂತಾರೆ. ನಮ್ಮ ದೇಶದ ಸ್ಕೂಟರುಗಳ ಮಟ್ಟಿಗೆ ಇದು ತೀರಾ ಎಳೆಯ ಕಸುಬು. ಮೊದಲ ನಲವತ್ತು ವರ್ಷ ನಮ್ಮ ಸ್ಕೂಟರುಗಳಿಗೆ ವಾಲ್ವೇ ಇರಲಿಲ್ಲ. ಬಂದಿದ್ದು 1998ರಲ್ಲಿ. ಈಗ ಬ್ಯಾಟರಿ ಸ್ಕೂಟರು ಬಂದು ಮತ್ತೆ ವಾಲ್ವಿಲ್ಲದ ಕಾಲ ಶುರುವಾಗಿದೆ. ಹೀಗೆ ಬಂದು ಹೀಗೆ ಹೋಗೋ ಹಾಗಿರೋ ಈ ಕೆಲಸ ಸರ್ವಿಸ್ ಸೆಂಟರಿಗಿಂತ ಮನೆ ಅಂಗಳಕ್ಕೇ ಸೇರಿದ್ದು ಅನ್ನೋದು ನನ್ನ ವಾದ. ಅದಕ್ಕೆ ಕಾರಣ ಅಭಿಮಾನವೂ ಅಲ್ಲ, ಜುಗ್ಗತನವೂ ಅಲ್ಲ, ಬರೀ ಭೌತಶಾಸ್ತ್ರ. ಅಲ್ಲಿಗೆ ಬರೋಕೆ ಸ್ವಲ್ಪ ಹಿಂದೆ ಹೋಗಬೇಕು.

ಮೊದಲು ಎಂಜಿನ್ ಒಳಗೆ ಇಣುಕೋಣ. ಫೋರ್ ಸ್ಟ್ರೋಕ್ ಎಂಜಿನ್ನಿನ ಹೆಡ್ಡಿನಲ್ಲಿ ಕಮ್ಮಿ ಅಂದ್ರೆ ಎರಡು ಬಾಗಿಲು. ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರೋಕೆ ಒಂದು, ಸುಟ್ಟ ಹೊಗೆ ಆಚೆ ಹೋಗೋಕೆ ಇನ್ನೊಂದು. ಬಾಗಿಲು ಅಂದ್ರೆ ಉದ್ದ ಕಾಂಡದ ಅಣಬೆಯ ಆಕಾರದ ಉಕ್ಕಿನ ಕಡ್ಡಿ. ಸ್ಪ್ರಿಂಗು ಅದನ್ನು ಮುಚ್ಚಿಡುತ್ತೆ, ಕ್ಯಾಮ್ ತಿರುಗಿ ರಾಕರ್ ಮೂಲಕ ಒತ್ತಿದಾಗ ತೆರೆಯುತ್ತೆ. ಎಂಜಿನ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ನಿಮಿಷಕ್ಕೆ 6000 ಸುತ್ತಿನಲ್ಲಿ ಎಂಜಿನ್ ಓಡ್ತಿದ್ರೆ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಹೊಗೆ ಕಡೆಯ ವಾಲ್ವ್ ಅಂತೂ ಸದಾ ಬೆಂಕಿಯ ಬಾಯಲ್ಲೇ ಇರುತ್ತೆ. ಬಿಸಿಯಾದ ಲೋಹ ಹಿಗ್ಗುತ್ತೆ ಅನ್ನೋದು ಎತ್ತಿನ ಗಾಡಿ ಚಕ್ರಕ್ಕೆ ಹಳಿ ಕೂರಿಸೋದನ್ನು ನೋಡಿದ ಯಾರಿಗಾದರೂ ಗೊತ್ತು. ವಾಲ್ವಿನ ಕಾಂಡವೂ ಉದ್ದವಾಗುತ್ತೆ. ಅದಕ್ಕೆ ಜಾಗ ಬಿಟ್ಟಿರದಿದ್ರೆ ಕಾಂಡ ರಾಕರಿಗೆ ಒತ್ತಿಕೊಂಡು, ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರೋದೇ ಇಲ್ಲ. ಸೀಟಿನ ಮೇಲೆ ಕೂತಾಗಲೇ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಹೆಡ್ಡಿಗೆ ದಾಟಿಸೋದು. ಕೂರದಿದ್ರೆ ಬಿಸಿ ಇಳಿಯಲ್ಲ, ಸಂದಿನಲ್ಲಿ ಬೆಂಕಿ ನುಗ್ಗುತ್ತೆ, ಅಂಚು ಸುಟ್ಟು ಚೂರು ಕಿತ್ತುಬರುತ್ತೆ.

ಹಾಗಾಗಿ ತಣ್ಣಗಿದ್ದಾಗ ಕೂದಲೆಳೆಯಷ್ಟು ಜಾಗ ಬಿಡಬೇಕು. ಇದು ಅಲಂಕಾರದ ಮಾತಲ್ಲ. ಸಣ್ಣ ಸ್ಕೂಟರ್ ಎಂಜಿನ್ನುಗಳಲ್ಲಿ ಈ ಸಂದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ತಲೆಕೂದಲು ಒಂದೆರಡು ಎಳೆ ಸೇರಿಸಿದಷ್ಟು, ಅಥವಾ ಝೆರಾಕ್ಸ್ ಹಾಳೆ ಒಂದರ ದಪ್ಪ.

ಇಷ್ಟೆಲ್ಲ ಕಟಕಟೆ ಇಲ್ಲದ ಕಾಲವೂ ಒಂದಿತ್ತು. 1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬ್ಯಾಕ್ ಮರದ ಚೌಕಟ್ಟಿಗೆ ಎಂಜಿನ್ ಕೂರಿಸಿ ಎರಡು ಚಕ್ರದ ಗಾಡಿ ಓಡಿಸಿದರು. ಅದರಲ್ಲಿ ಹೊಗೆಯ ವಾಲ್ವನ್ನು ಮಾತ್ರ ಯಂತ್ರ ಒತ್ತುತ್ತಿತ್ತು. ಗಾಳಿಯ ವಾಲ್ವ್ ಪಿಸ್ಟನ್ ಕೆಳಗಿಳಿದಾಗಿನ ಸೆಳೆತಕ್ಕೆ ತಾನಾಗೇ ತೆರೆದುಕೊಳ್ಳುತ್ತಿತ್ತು, ಥೇಟ್ ನಮ್ಮ ಬಾವಿಯೊಳಗಿನ ಫುಟ್‌ವಾಲಿನ ಹಾಗೆ. ವೇಗ ಕಮ್ಮಿ ಇರೋವರೆಗೆ ಇದು ನಡೀತು. ಎಂಜಿನ್ ಜೋರಾಗಿ ತಿರುಗಬೇಕು ಅಂದಾಗ ಎರಡೂ ವಾಲ್ವನ್ನು ಕ್ಯಾಮಿನಿಂದಲೇ ಒತ್ತಬೇಕಾಯ್ತು, ಸಂದಿನ ಲೆಕ್ಕ ಗಂಟುಬಿತ್ತು. ಇನ್ನೊಂದು ಕಡೆ, 1891ರ ಹೊತ್ತಿಗೆ ಇಂಗ್ಲೆಂಡಿನ ಬಾತ್ ಊರಿನ ಜೋಸೆಫ್ ಡೇ ಸರಳವಾದ ಟೂ ಸ್ಟ್ರೋಕ್ ಎಂಜಿನ್ ಕಟ್ಟಿದ. ಅದು ಸುಧಾರಿಸುತ್ತಾ ಹೋಗಿ ಬಾಗಿಲುಗಳೇ ಬೇಡವಾದವು. ಸಿಲಿಂಡರಿನ ಗೋಡೆಯಲ್ಲಿ ತೂತುಗಳು, ಪಿಸ್ಟನ್ನೇ ಮೇಲೆ ಕೆಳಗೆ ಹೋಗುತ್ತಾ ಅವನ್ನು ಮುಚ್ಚಿ ತೆರೆಯುತ್ತೆ. ಸ್ಪ್ರಿಂಗ್ ಇಲ್ಲ, ಕ್ಯಾಮ್ ಇಲ್ಲ, ಸಂದಿನ ತಲೆನೋವಿಲ್ಲ.

ಸ್ಕೂಟರಿನ ಚರಿತ್ರೆಯಲ್ಲಿ ಈ ಎರಡೂ ದಾರಿ 1946ರಲ್ಲಿ ಒಟ್ಟಿಗೇ ಶುರುವಾದವು. ಯುದ್ಧ ಸೋತ ಎರಡು ದೇಶಗಳಲ್ಲಿ ವಿಮಾನದ ಕೆಲಸ ನಿಂತಿತ್ತು, ಕೈಯಲ್ಲಿ ಎಂಜಿನಿಯರುಗಳಿದ್ದರು. ಇಟಲಿಯಲ್ಲಿ ಪಿಯಾಜಿಯೊ ಕಂಪನಿಗೆ ವೆಸ್ಪಾ ಮಾಡಿಕೊಟ್ಟ ಕೊರಾಡಿನೊ ದಸ್ಕಾನಿಯೊ ಹೆಲಿಕಾಪ್ಟರ್ ಹುಚ್ಚಿನವನು, ಅವನಿಗೆ ಮೋಟರ್‌ಸೈಕಲ್ ಕಂಡರೆ ಆಗ್ತಿರಲಿಲ್ಲ. ಚೈನು, ಎಣ್ಣೆ, ಕೊಳಕು ಯಾವುದೂ ಸವಾರನ ಬಟ್ಟೆಗೆ ತಾಗಬಾರದು ಅಂತ ಗಾಡಿಯನ್ನು ಮೊದಲಿಂದ ಯೋಚಿಸಿದ. ಎಂಜಿನ್ 98 ಸಿಸಿಯ ಟೂ ಸ್ಟ್ರೋಕ್. ಅದೇ ವರ್ಷ ಜಪಾನಿನಲ್ಲಿ ವಿಮಾನ ಮಾಡುತ್ತಿದ್ದ ನಕಾಜಿಮಾದ ಉತ್ತರಾಧಿಕಾರಿ ಫುಜಿ ‘ರ್‍ಯಾಬಿಟ್’ ಸ್ಕೂಟರನ್ನೂ, ಮಿತ್ಸುಬಿಷಿ ‘ಸಿಲ್ವರ್ ಪಿಜನ್’ ಅನ್ನೂ ಹೊರತಂದವು. ಈ ಮೊಲಕ್ಕೂ ಪಾರಿವಾಳಕ್ಕೂ ಇದ್ದದ್ದು ಫೋರ್ ಸ್ಟ್ರೋಕ್ ಎಂಜಿನ್, ಅಂದ್ರೆ ವಾಲ್ವಿನವು. ಲೋಕ ಮೆಚ್ಚಿದ್ದು ಇಟಲಿಯ ಕಣಜವನ್ನು. (ವೆಸ್ಪಾ ಅಂದ್ರೆ ಇಟಾಲಿಯನ್ ಭಾಷೆಯಲ್ಲಿ ಕಣಜ.) ಮುಂದೆ ರ್‍ಯಾಬಿಟ್ ಕೂಡ ಟೂ ಸ್ಟ್ರೋಕಿಗೆ ತಿರುಗಿತು.

ನಮ್ಮ ದೇಶಕ್ಕೆ ಬಂದದ್ದೂ ಇಟಲಿಯ ದಾರಿಯೇ. ಮುಂಬಯಿಯ ಎಪಿಐ ಕಂಪನಿ ಲ್ಯಾಂಬ್ರೆಟಾ ಜೋಡಿಸಿತು, ಬಜಾಜ್ 1960ರ ಹೊತ್ತಿಗೆ ಪಿಯಾಜಿಯೊ ಜೊತೆ ಒಪ್ಪಂದ ಮಾಡಿಕೊಂಡು ವೆಸ್ಪಾ ಮಾಡಿತು. ಒಪ್ಪಂದ 1971ರಲ್ಲಿ ಮುಗಿಯಿತು, ಮರುವರ್ಷ ಅದೇ ಮೂಲದ ಚೇತಕ್ ಬಂತು. ಲ್ಯಾಂಬ್ರೆಟಾದ ಯಂತ್ರಗಳನ್ನೇ ಇಟಲಿಯಿಂದ ಕೊಂಡು ತಂದು ಲಖನೌದಲ್ಲಿ ಸರ್ಕಾರಿ ಕಾರ್ಖಾನೆ ವಿಜಯ್ ಸೂಪರ್ ಮಾಡಿತು. ಎಲ್ಲವೂ ಟೂ ಸ್ಟ್ರೋಕ್. ಬೈಕಿನ ಕಡೆಯೂ ಅಷ್ಟೆ, ಮೈಸೂರಿನ ಐಡಿಯಲ್ ಜಾವಾದಿಂದ ಬಂದ ಜಾವಾ, ಯೆಜ್ಡಿಗಳಲ್ಲೂ ವಾಲ್ವ್ ಇರಲಿಲ್ಲ. ಚೇತಕ್ ಬುಕ್ ಮಾಡಿ ಹತ್ತು ವರ್ಷದವರೆಗೆ ಕಾದವರಿದ್ದರು. ಅಷ್ಟು ಕಾದು ತಂದ ಗಾಡಿ ಅಂದ್ಮೇಲೆ ಅದರ ವೈದ್ಯವನ್ನೂ ಮನೆಯವರೇ ಕಲಿತುಬಿಡುತ್ತಿದ್ದರು. ಮೇಷ್ಟ್ರು, ಬ್ಯಾಂಕಿನವರು, ಎಲ್‌ಐಸಿ ಏಜೆಂಟರು, ಎಲ್ಲರ ಡಿಕ್ಕಿಯಲ್ಲೂ ಒಂದು ಪ್ಲಗ್ ಪಾನಾ, ಒಂದು ತುಂಡು ಉಪ್ಪುಕಾಗದ, ಜೆಟ್ಟಿಗೆ ಚುಚ್ಚೋಕೆ ತಂತಿ. ಸ್ಟಾರ್ಟ್ ಆಗದಿದ್ರೆ ಗಾಡಿಯನ್ನು ಪಕ್ಕಕ್ಕೆ ವಾಲಿಸಿ ನೆಟ್ಟಗೆ ಮಾಡಿ ಒಂದು ಕಿಕ್. ಸೈಲೆನ್ಸರಿಗೆ ಮಸಿ ಕಟ್ಟಿಕೊಂಡರೆ ಬಿಚ್ಚಿ ಬೆಂಕಿಗೆ ಹಾಕಿ ಸುಡೋದು. ಅಳತೆಯ ಕೆಲಸ ಅಂತ ಇದ್ದದ್ದು ಒಂದೇ, ಸಿ.ಬಿ. ಪಾಯಿಂಟಿನದು. ಕಿಡಿ ಹುಟ್ಟಿಸುವ ಆ ಎರಡು ಗುಂಡಿಗಳ ನಡುವೆ ಹತ್ತಿರ ಹತ್ತಿರ 0.4 ಮಿಲಿಮೀಟರ್ ಸಂದು ಇರಬೇಕಿತ್ತು. ಎಲೆಕ್ಟ್ರಾನಿಕ್ ಇಗ್ನಿಷನ್ ಬಂದು ಅದನ್ನೂ ನುಂಗಿತು.

ಹಾಗಂತ ಹಳ್ಳಿಗಳಿಗೆ ವಾಲ್ವ್ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಸ್ಕೂಟರಿನಲ್ಲಿ ಇರಲಿಲ್ಲ ಅಷ್ಟೆ, ಬಾವಿ ಪಕ್ಕದಲ್ಲಿ ಇತ್ತು, ಹಿಟ್ಟಿನ ಗಿರಣಿಯಲ್ಲಿ ಇತ್ತು. ಇಂಗ್ಲೆಂಡಿನ ಲಿಸ್ಟರ್ ಕಂಪನಿ 1929ರ ಹೊತ್ತಿಗೆ ಒಂದು ಸಿಲಿಂಡರಿನ ನಿಧಾನದ ಡೀಸೆಲ್ ಎಂಜಿನ್ ತಂದಿತ್ತು. ಐದಾರು ಕುದುರೆ ಶಕ್ತಿ, ನಿಮಿಷಕ್ಕೆ ಬರೀ 600-650 ಸುತ್ತು, ಎರಡು ಪಕ್ಕಕ್ಕೂ ಗಾಡಿ ಚಕ್ರದಂಥ ಫ್ಲೈವೀಲು. ಅದರ ನಕಲುಗಳು ಗುಜರಾತಿನ ರಾಜಕೋಟದಲ್ಲಿ ದಶಕಗಟ್ಟಲೆ ತಯಾರಾಗಿ ದೇಶದ ತುಂಬ ಹರಡಿದವು. ಕಿರ್ಲೋಸ್ಕರ್ ಎಂಜಿನ್ನುಗಳಂತೂ ನಮ್ಮ ಬಯಲುಸೀಮೆಯಲ್ಲಿ ಮನೆಮಾತು. ಇವುಗಳ ವಾಲ್ವು, ರಾಕರು, ಪುಷ್‌ರಾಡು ಎಲ್ಲ ಕಣ್ಣೆದುರಿಗೇ ಕುಣಿಯುತ್ತಿದ್ದವು, ಮುಚ್ಚುಮರೆ ಇಲ್ಲ. ಸ್ಟಾರ್ಟ್ ಮಾಡೋದೇ ವಾಲ್ವಿನ ಪಾಠ. ಒಬ್ಬ ಹೊಗೆ ವಾಲ್ವನ್ನು ಎತ್ತಿ ಹಿಡೀಬೇಕು, ಆಗ ಒಳಗೆ ಒತ್ತಡ ಕಟ್ಟಲ್ಲ. ಇನ್ನೊಬ್ಬ ಹ್ಯಾಂಡಲ್ ಹಾಕಿ ಫ್ಲೈವೀಲ್ ತಿರುಗಿಸಬೇಕು. ವೇಗ ಬಂದ ಮೇಲೆ ‘ಬಿಡು!’ ಅಂದ ಕೂಡಲೇ ವಾಲ್ವ್ ಬಿಟ್ಟರೆ ದುಡುಮ್ ಅಂತ ಮೊದಲ ಸಿಡಿತ. ನಮ್ಮ ದೊಡ್ಡಪ್ಪನಿಗೆ ಓದು ನಾಲ್ಕನೇ ಕ್ಲಾಸಿಗೆ ನಿಂತಿತ್ತು. ಆದ್ರೆ ಮಡಚಿದ ಪೋಸ್ಟ್‌ಕಾರ್ಡನ್ನು ರಾಕರ್ ಕೆಳಗೆ ತೂರಿಸಿ, ಎಷ್ಟು ಬಿಗಿಯಾಗಿ ಜಾರುತ್ತೆ ನೋಡಿ ಟ್ಯಾಪೆಟ್ ಕೂರಿಸ್ತಿದ್ರು. ಅದಕ್ಕೂ ಮುಂಚೆ ಎಂಜಿನ್ ಮೇಲೆ ಅಂಗೈ ಇಡೋರು. ‘ಇನ್ನೂ ಮೈ ಬೆಚ್ಚಗೈತೆ ಕಣ್ಲಾ, ಬೆಳಿಗ್ಗೆ ನೋಡಾನ’ ಅನ್ನೋರು.

ಈ ಅಂಗೈ ಇಡೋ ವಿಷಯ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ವಾಲ್ವಿನ ಇನ್ನೊಂದು ಶಾಲೆ ಬುಲೆಟ್. 1955ರಿಂದ ಮದ್ರಾಸಿನಲ್ಲಿ ತಯಾರಾದ ಈ ಗಾಡಿಯ ಟ್ಯಾಪೆಟ್ಟಿಗೆ ಗೇಜೂ ಬೇಕಿರಲಿಲ್ಲ. ಪಕ್ಕದ ಸಣ್ಣ ಮುಚ್ಚಳ ತೆಗೆದು, ಪುಷ್‌ರಾಡನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡೋದು. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಆಡಬಾರದು. ಬುಲೆಟ್ ಇಟ್ಟವರು ಭಾನುವಾರ ಬೆಳಿಗ್ಗೆ ಈ ಸೇವೆ ಮುಗಿಸಿಯೇ ಸ್ನಾನಕ್ಕೆ ಹೋಗುತ್ತಿದ್ದದ್ದು.

ಮುಂದೆ ಸ್ಕೂಟರಿಗೆ ವಾಲ್ವ್ ಯಾಕೆ ಬಂತು? ಹೊಗೆಯ ದೆಸೆಯಿಂದ. ಟೂ ಸ್ಟ್ರೋಕಿನಲ್ಲಿ ಹಳೇ ಹೊಗೆಯನ್ನು ಹೊಸ ಗಾಳಿಯೇ ನೂಕಿ ಕಳಿಸಬೇಕು. ನೂಕೋ ಗಡಿಬಿಡಿಯಲ್ಲಿ ಸುಡದ ಪೆಟ್ರೋಲಿನ ಒಂದು ಪಾಲೂ ಸೈಲೆನ್ಸರಿನಿಂದ ಆಚೆ ಹೋಗುತ್ತೆ. ಜೊತೆಗೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಬೇರೆ ಉರಿಯುತ್ತೆ. ಸಿಗ್ನಲ್‌ನಲ್ಲಿ ನೀಲಿ ಮೋಡ ಕಟ್ಟುತ್ತಿದ್ದದ್ದು ಅದೇ. 1991ರಲ್ಲಿ ವಾಹನಗಳ ಹೊಗೆಗೆ ಮೊದಲ ಮಿತಿ ಬಂತು. 1996ರಲ್ಲಿ ಬಿಗಿಯಾಗಿ, ದ್ವಿಚಕ್ರ ವಾಹನಗಳಿಗೆ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಎರಡೂ ಸೇರಿ ಕಿಲೋಮೀಟರಿಗೆ 3.6 ಗ್ರಾಂ ಅಂತಾಯ್ತು. 2000ದಲ್ಲಿ ಅದನ್ನು 2 ಗ್ರಾಂಗೆ ಇಳಿಸಿದರು. ಕ್ಯಾಟಲಿಟಿಕ್ ಕನ್ವರ್ಟರ್ ಹಾಕಿ ಟೂ ಸ್ಟ್ರೋಕುಗಳು ಇನ್ನಷ್ಟು ದಿನ ಉಸಿರು ಹಿಡಿದವು, ಆದ್ರೆ ಗಾಳಿ ಎತ್ತ ಬೀಸುತ್ತಿದೆ ಅನ್ನೋದು ಎಲ್ಲರಿಗೂ ಗೊತ್ತಾಗಿತ್ತು.

ಹೋಂಡಾದವರ ತಮಾಷೆ ನೋಡಿ. 1958ರಿಂದ ಸೂಪರ್ ಕಬ್ ಅನ್ನೋ ಫೋರ್ ಸ್ಟ್ರೋಕ್ ಪುಟ್ಟ ಗಾಡಿ ಮಾಡಿ ಲೋಕ ಗೆದ್ದವರು. ನಮ್ಮಲ್ಲಿಗೆ 1984ರಲ್ಲಿ ಕೈನೆಟಿಕ್ ಜೊತೆ ಸೇರಿ ಸ್ಕೂಟರ್ ತಂದಾಗ ಅದು ಟೂ ಸ್ಟ್ರೋಕ್. ಮರುವರ್ಷ ಹೀರೋ ಜೊತೆ ಸೇರಿ ತಂದ ಸಿಡಿ 100 ಬೈಕು ಫೋರ್ ಸ್ಟ್ರೋಕ್. ಬೈಕಿನವರು ಮೈಲೇಜ್ ಎಣಿಸಿಕೊಂಡು ಕೂತಿದ್ದಾಗ ಸ್ಕೂಟರಿನವರು ಇನ್ನೂ 2ಟಿ ಆಯಿಲ್ ಬೆರೆಸುತ್ತಲೇ ಇದ್ದರು. ಕೊನೆಗೆ 1998ರ ಜುಲೈನಲ್ಲಿ ಬಜಾಜ್ ‘ಲೆಜೆಂಡ್’ ಹೊರತಂದಿತು, ದೇಶದ ಮೊದಲ ಫೋರ್ ಸ್ಟ್ರೋಕ್ ಸ್ಕೂಟರ್. ಹೆಸರು ದಂತಕಥೆ ಅಂತಿದ್ದರೂ ಈಗ ಅದು ಯಾರಿಗೂ ನೆನಪಿಲ್ಲ ಪಾಪ. ಆಟ ಬದಲಾಯಿಸಿದ್ದು 2001ರಲ್ಲಿ ಹೋಂಡಾ ತಾನೇ ತಂದ ಆಕ್ಟಿವಾ. 102 ಸಿಸಿ, ಗೇರಿಲ್ಲ, ಗುಂಡಿ ಒತ್ತಿದರೆ ಸ್ಟಾರ್ಟು. ಒಂದು ದಶಕದೊಳಗೆ ಬಜಾಜ್ ಸ್ಕೂಟರ್ ಮಾಡೋದನ್ನೇ ಬಿಟ್ಟಿತು. 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲೇ ಹೋಂಡಾ ಕಾರ್ಖಾನೆ ಬಂತು.

ಹೀಗೆ ವಾಲ್ವ್ ಸ್ಕೂಟರಿನೊಳಗೆ ಬಂದಿದ್ದೇನೋ ಹೌದು, ಬಂದಿದ್ದು ಮಾತ್ರ ಪರದೆಯ ಹಿಂದೆ. ಲಿಸ್ಟರಿನಲ್ಲಿ ಕಣ್ಣೆದುರು ಕುಣಿಯುತ್ತಿದ್ದದ್ದು ಇಲ್ಲಿ ಪ್ಲಾಸ್ಟಿಕ್ಕು, ಫ್ಯಾನಿನ ಕವಚ, ಡಿಕ್ಕಿ ಡಬ್ಬ, ಹೆಡ್ ಕವರ್ ಎಲ್ಲದರ ಒಳಗೆ ಮುಸುಕು ಹಾಕಿಕೊಂಡು ಕೂತಿತು. ಇಪ್ಪತ್ತು ವರ್ಷ ಚೇತಕ್ಕಿನ ಕಾರ್ಬೊರೇಟರ್ ಬಿಚ್ಚಿ ಕೂರಿಸಿದ್ದ ಮೇಷ್ಟ್ರಿಗೆ ಆಕ್ಟಿವಾದಲ್ಲಿ ಪ್ಲಗ್ ಎಲ್ಲಿದೆ ಅಂತ ಹುಡುಕೋದೇ ಕೆಲಸವಾಯ್ತು. ಮನೆ ವೈದ್ಯ ನಿಂತದ್ದು ಅಲ್ಲಿ. ಸದ್ದೊಂದೇ ಆಚೆ ಉಳಿದ ಕುರುಹು, ಅದನ್ನೂ ಜನ ತಪ್ಪಾಗಿ ಓದಿದರು. ಟೂ ಸ್ಟ್ರೋಕಿನ ಕಿವಿಗೆ ಟಿಕಟಿಕ ಅಂದ್ರೆ ಏನೋ ಲೂಸಾಗಿದೆ ಅಂತ. ‘ಅಣ್ಣಾ, ಟ್ಯಾಪೆಟ್ ಸೌಂಡ್ ಬರ್ತೈತೆ, ಒಸಿ ಟೈಟ್ ಮಾಡಿಕೊಡು’. ಮೆಕ್ಯಾನಿಕ್ಕೂ ಟೈಟ್ ಮಾಡಿಕೊಟ್ಟ. ಗಿರಾಕಿ ಖುಷಿ, ಮೆಕ್ಯಾನಿಕ್ ಖುಷಿ, ಗಾಡಿಯೂ ಕೆಲ ತಿಂಗಳು ಖುಷಿ. ಆಮೇಲೆ ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ, ಸಿಗ್ನಲ್‌ನಲ್ಲಿ ನಿಂತಾಗ ಆಫ್, ಏರಿನಲ್ಲಿ ದಮ್ಮಿಲ್ಲ. ‘ಹೆಡ್ ಕೆಲಸ ಮಾಡಿಸಬೇಕು ಸಾರ್’.

ಟೈಟ್ ಯಾರೂ ಮಾಡದಿದ್ರೂ ಸಂದು ತಾನಾಗಿಯೇ ಮುಚ್ಚಿಕೊಳ್ಳಬಹುದು. ರಾಕರಿನ ತುದಿ, ಕ್ಯಾಮ್ ಸವೆದರೆ ಸಂದು ಅಗಲ, ಸದ್ದು ಜಾಸ್ತಿ. ವಾಲ್ವೂ ಅದರ ಸೀಟೂ ಸವೆದರೆ ವಾಲ್ವ್ ಮೇಲಕ್ಕೆ ಸರಿದು ಸಂದು ಕಿರಿದಾಗುತ್ತೆ, ಸದ್ದು ಕಮ್ಮಿ. ಹಿಂದೆ ಪೆಟ್ರೋಲಿನಲ್ಲಿ ಬೆರೆಸುತ್ತಿದ್ದ ಸೀಸದ ಸಂಯುಕ್ತ ಸೀಟಿನ ಮೇಲೆ ತೆಳು ಲೇಪ ಕಟ್ಟಿ ಈ ಸವೆತವನ್ನು ತಡೀತಿತ್ತು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಕಂಡುಹಿಡಿದ ಉಪಾಯ ಅದು. ಎಂಜಿನ್ನಿಗೆ ಅಮೃತ, ಮಕ್ಕಳ ಮಿದುಳಿಗೆ ವಿಷ. 2000ದ ಫೆಬ್ರವರಿ 1ರಿಂದ ನಮ್ಮ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ ಸಿಗೋ ಹಾಗಾಯ್ತು, ಒಳ್ಳೇದೇ ಆಯ್ತು. ಹೊಸ ಎಂಜಿನ್ನುಗಳಿಗೆ ಗಟ್ಟಿ ಲೋಹದ ಸೀಟು ಹಾಕ್ತಾರೆ. ಆದ್ರೂ ಸವೆಯೋದು ಸವೆದೇ ಸವೆಯುತ್ತೆ.

ಈಗ ಅಂಗೈ ವಿಷಯಕ್ಕೆ ಬರೋಣ. ಹೋಂಡಾದ ಸರ್ವಿಸ್ ಮ್ಯಾನುಯಲ್ಲುಗಳಲ್ಲಿ ಟ್ಯಾಪೆಟ್ ಪುಟ ತೆಗೆದ ಕೂಡಲೇ ಸಿಗೋ ಷರತ್ತು ಏನು ಗೊತ್ತಾ? ಎಂಜಿನ್ ತಣ್ಣಗಿರಬೇಕು, 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿ. ನಮ್ಮ ಮೈ ಬಿಸಿಗಿಂತಲೂ ಎರಡು ಡಿಗ್ರಿ ಕೆಳಗೆ. ದೊಡ್ಡಪ್ಪನ ಅಂಗೈ ಅಳೆಯುತ್ತಿದ್ದದ್ದು ಇದನ್ನೇ, ಮುಟ್ಟಿದರೆ ಬೆಚ್ಚಗೆ ಅನ್ನಿಸಿದರೆ ಕೆಲಸ ಇಲ್ಲ. (ರಾಯಚೂರು, ಕಲಬುರಗಿ ಕಡೆಯವರು ಮೇ ತಿಂಗಳಲ್ಲಿ ಈ ಷರತ್ತು ಪೂರೈಸಬೇಕಾದ್ರೆ ಕೋಳಿ ಕೂಗೋಕೆ ಮುಂಚೆ ಏಳಬೇಕು.) ಒಂದೆರಡು ಕೂದಲೆಳೆಯ ಸಂದನ್ನು ಬಿಸಿ ಎಂಜಿನ್ನಿನಲ್ಲಿ ಅಳೆದರೆ ಅಳತೆಗೆ ಅರ್ಥವೇ ಇಲ್ಲ.

ಸರ್ವಿಸ್ ಸೆಂಟರಿಗೆ ಗಾಡಿ ಹೋಗೋದು ಹೇಗೆ? ಓಡಿಸಿಕೊಂಡು. ಒಂಬತ್ತಕ್ಕೆ ಬಿಟ್ಟರೆ ಹನ್ನೊಂದಕ್ಕೆ ತೊಳೆದು ರೆಡಿ. ಎಂಜಿನ್ ತಣ್ಣಗಾಗೋಕೆ ನಾಲ್ಕೈದು ಗಂಟೆಯಾದ್ರೂ ಬೇಕು, ರಾತ್ರಿಯಿಡೀ ನಿಂತಿದ್ರೆ ಇನ್ನೂ ಒಳ್ಳೇದು. ನಮ್ಮ ಬಡಾವಣೆ ಹತ್ತಿರದ ಒಂದು ಸರ್ವಿಸ್ ಸೆಂಟರಿನ ಬಿಲ್ಲಿನಲ್ಲಿ ಪ್ರತಿ ಸಲ ‘ಟ್ಯಾಪೆಟ್ ಸೆಟ್ಟಿಂಗ್’ ಅಂತ ಒಂದು ಸಾಲು ಇರ್ತಿತ್ತು. ಮನೆಗೆ ತಂದು ನೋಡಿದ್ರೆ ಹೆಡ್ ಕವರಿನ ಬೋಲ್ಟಿನ ಸುತ್ತ ಹಳೇ ಮಣ್ಣು ಹಾಗೇ ಗಟ್ಟಿಯಾಗಿ ಕೂತಿರೋದು. ಆ ಹುಡುಗರನ್ನು ಕಳ್ಳರು ಅನ್ನೋಕೆ ನನಗೆ ಮನಸ್ಸಿಲ್ಲ. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕು ಅಂತ ಮೇಲಿಂದ ಲೆಕ್ಕ, ಒಂದು ಗಾಡಿಯನ್ನು ಸಂಜೆವರೆಗೆ ಸುಮ್ಮನೆ ನಿಲ್ಲಿಸಿಕೊಳ್ಳೋ ಜಾಗ ಅಲ್ಲಿಲ್ಲ. ತಣ್ಣಗಿನ ಎಂಜಿನ್ ಅನ್ನೋ ಸಾಮಾನು ಅವರ ಅಂಗಡಿಯಲ್ಲಿ ಸಿಗಲ್ಲ. ಅದು ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಗೇಟಿನೊಳಗೆ ಪುಕ್ಕಟೆ ನಿಂತಿರುತ್ತೆ.

ಉಳಿದ ಸಾಮಾನು ದೊಡ್ಡದೇನಲ್ಲ. ಒಂದು ಫೀಲರ್ ಗೇಜ್ ಬೇಕು (ಅಂಗಡಿಯಲ್ಲಿ ‘ಫಿಲ್ಲರ್ ಗೇಜ್’ ಅಂತ ಕೇಳಿ, ತಕ್ಷಣ ಕೊಡ್ತಾರೆ). ಬೀಸಣಿಗೆ ಹಾಗೆ ಬಿಚ್ಚಿಕೊಳ್ಳೋ ಉಕ್ಕಿನ ಎಲೆಗಳು, ಒಂದೊಂದರ ಮೇಲೂ ದಪ್ಪ ಬರೆದಿರುತ್ತೆ. ಶೇವಿಂಗ್ ಬ್ಲೇಡೂ 0.1 ಮಿಲಿಮೀಟರ್ ದಪ್ಪ ಇರುತ್ತೆ, ಅದರಲ್ಲೇ ಕೆಲಸ ಸಾಗಿಸೋ ಶೂರರಿದ್ದಾರೆ. ಬೆರಳಿನ ಮೇಲೆ ಆಸೆ ಇದ್ದವರು ಗೇಜ್ ಕೊಳ್ಳಿ. ಜೊತೆಗೆ ಹೆಡ್ ಕವರಿಗೆ, ಟ್ಯಾಪೆಟ್ಟಿನ ಲಾಕ್‌ನಟ್ಟಿಗೆ ಹೊಂದೋ ಪಾನಾಗಳು, ಟ್ಯಾಪೆಟ್ ಸ್ಕ್ರೂವಿನ ಚೌಕ ತಲೆ ಹಿಡಿಯೋ ಪುಟ್ಟ ಕೀ.

ರಾತ್ರಿ ಸೆಂಟರ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಬಾರದು. ಒಂದು ಕಿಕ್ಕೂ ಬೇಡ. ಹೆಡ್ ಕವರಿನವರೆಗೆ ತಲುಪೋಕೆ ಏನೇನು ಬಿಚ್ಚಬೇಕು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ನಿಮ್ಮ ಮಾಡೆಲ್ಲಿನ ಮ್ಯಾನುಯಲ್ ನೋಡಿ. ಎಷ್ಟು ಸಂದು ಅನ್ನೋದೂ ಅಲ್ಲೇ ಇರುತ್ತೆ, ಪಕ್ಕದ ಮನೆಯವರ ಗಾಡಿಯ ಲೆಕ್ಕ ಹಿಡಿಯಬೇಡಿ. ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿ ಇಡಿ. ಹೆಡ್ ಕವರ್ ತೆಗೆಯೋ ಮುಂಚೆ ಸುತ್ತ ಇರೋ ಧೂಳು ಮಣ್ಣು ಒರೆಸಿ, ಒಳಗೆ ಬಿದ್ರೆ ಆಯಿಲ್ ಜೊತೆ ಊರೆಲ್ಲ ಸುತ್ತುತ್ತೆ.

ಇಲ್ಲಿಂದ ಮುಂದೆ ಅವಸರ ಬೇಡ. ಪ್ಲಗ್ ತೆಗೆದರೆ ಎಂಜಿನ್ ಕೈಯಲ್ಲೇ ಸಲೀಸಾಗಿ ತಿರುಗುತ್ತೆ. ಫ್ಯಾನಿನ ಕಡೆ ಫ್ಲೈವೀಲಿನ ಮೇಲೆ ‘ಟಿ’ ಅಂತ ಇಂಗ್ಲಿಷ್ ಅಕ್ಷರದ ಗುರುತಿರುತ್ತೆ. ಅದನ್ನು ಎಂಜಿನ್ ಮೇಲಿನ ಗೀಟಿಗೆ ಸರಿಯಾಗಿ ತಂದರೆ ಪಿಸ್ಟನ್ ತುತ್ತತುದಿಗೆ ಬಂದಿರುತ್ತೆ. ಆದ್ರೆ ಇಲ್ಲೊಂದು ಮೋಸ ಇದೆ. ಕ್ಯಾಮ್ ಅರ್ಧ ವೇಗದಲ್ಲಿ ತಿರುಗುತ್ತೆ ಅಂದೆನಲ್ಲ, ಹಾಗಾಗಿ ಪಿಸ್ಟನ್ ತುದಿಗೆ ಬರೋ ಎರಡು ಸಲದಲ್ಲಿ ಒಂದು ಸಲ ಮಾತ್ರ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ. ಇನ್ನೊಂದು ಸಲ ಹೊಗೆ ಬಾಗಿಲು ಮುಚ್ಚುತ್ತಾ ಗಾಳಿ ಬಾಗಿಲು ತೆರೆಯುತ್ತಾ ಇರುತ್ತೆ. ರಾಕರುಗಳನ್ನು ಬೆರಳಲ್ಲಿ ಅಲ್ಲಾಡಿಸಿ. ಎರಡೂ ಚೂರು ಆಡಿದರೆ ಸರಿಯಾದ ಸುತ್ತು. ಬಿಗಿಯಾಗಿದ್ರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ.

ಆಮೇಲೆ ಗೇಜಿನ ಸರಿಯಾದ ಎಲೆಯನ್ನು ವಾಲ್ವ್ ಕಾಂಡಕ್ಕೂ ಟ್ಯಾಪೆಟ್ ಸ್ಕ್ರೂಗೂ ನಡುವೆ ತೂರಿಸಿ. ದಪ್ಪ ಪುಸ್ತಕದ ಹಾಳೆಗಳ ನಡುವಿಂದ ನವಿಲುಗರಿ ಎಳೆದ ಹಾಗೆ ಸಣ್ಣ ಹಿಡಿತದೊಂದಿಗೆ ಜಾರಬೇಕು. ಸುಮ್ಮನೆ ಬಂದ್ರೆ ಸಂದು ಜಾಸ್ತಿ, ಹೋಗದೇ ಇದ್ರೆ ಕಮ್ಮಿ. ಲಾಕ್‌ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿ ಸರಿಮಾಡೋದು ಸುಲಭ. ನಿಜವಾದ ವಿದ್ಯೆ ಇರೋದು ಲಾಕ್‌ನಟ್ ಮತ್ತೆ ಬಿಗಿ ಮಾಡೋದರಲ್ಲಿ, ಯಾಕಂದ್ರೆ ನಟ್ ತಿರುಗುವಾಗ ಸ್ಕ್ರೂವನ್ನೂ ಜೊತೆಗೆ ಕರ್ಕೊಂಡು ಹೋಗುತ್ತೆ. ಒಂದು ಕೈಯಲ್ಲಿ ಸ್ಕ್ರೂ ಕದಲದ ಹಾಗೆ ಹಿಡಿದು ಇನ್ನೊಂದು ಕೈಯಲ್ಲಿ ನಟ್ ಬಿಗಿ ಮಾಡಬೇಕು, ಮಾಡಿದ ಮೇಲೆ ಮತ್ತೆ ಅಳೀಬೇಕು. ಮೂರು ನಾಲ್ಕು ಸಲ ಆದ್ರೂ ಬೇಜಾರಿಲ್ಲ. ಎರಡು ಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿ, ಕವರಿನ ರಬ್ಬರ್ ಸರಿಯಾಗಿ ಕೂರಿಸಿ ಮುಚ್ಚಿ. ಅನುಮಾನ ಇದ್ರೆ ಮ್ಯಾನುಯಲ್ ಕೊಟ್ಟ ಮಿತಿಯೊಳಗೆ ಸಂದು ಚೂರು ಜಾಸ್ತಿಯ ಕಡೆಗೇ ಇರಲಿ. ಸದ್ದು ಮಾಡೋ ವಾಲ್ವ್ ತನ್ನ ಕಷ್ಟ ಹೇಳಿಕೊಳ್ಳುತ್ತೆ, ಬಿಗಿಯಾದದ್ದು ಹೇಳದೇ ಸಾಯುತ್ತೆ.

ಇನ್ನೆಷ್ಟು ದಿನ ಈ ಕೆಲಸ? 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದು ಕಾರ್ಬೊರೇಟರ್ ಹೋಯ್ತು, ಇಂಜೆಕ್ಷನ್ ಬಂತು, ವಾಲ್ವ್ ಉಳಿದುಕೊಂಡಿತು. ಅದೇ ವರ್ಷದ ಜನವರಿಯಲ್ಲಿ ಚೇತಕ್ ಹೆಸರು ವಾಪಸ್ ಬಂತು, ಈ ಸಲ ಬ್ಯಾಟರಿ ಗಾಡಿಯಾಗಿ. ಬೆಂಗಳೂರಿನ ಏಥರ್ 2018ರಲ್ಲೇ ರಸ್ತೆಗಿಳಿದಿತ್ತು. ಇವುಗಳಲ್ಲಿ ಕೆಟ್ಟರೆ ಪಾನಾ ಹಿಡಿಯೋರಿಗಿಂತ ನಮ್ಮಂಥ ಕೀಬೋರ್ಡ್ ಕುಟ್ಟೋರೇ ಮೊದಲು ಬೇಕು. ರಾತ್ರಿ ಗಾಡಿ ಮಲಗಿದ್ದಾಗ ಅಪ್‌ಡೇಟ್ ಬರುತ್ತೆ, ಬೆಳಿಗ್ಗೆ ಏನು ಬದಲಾಗಿದೆ ಅಂತ ಓದಿ ತಿಳ್ಕೋಬೇಕು. ಅಂಗೈ ಇಟ್ಟು ನೋಡೋಕೆ ಅಲ್ಲಿ ಏನೂ ಇಲ್ಲ.

ನಮ್ಮೂರಲ್ಲಿ ಬಾವಿಯ ಡೀಸೆಲ್ ಎಂಜಿನ್ ಗುಜರಿಗೆ ಹೋಗಿ, ಬೋರ್‌ವೆಲ್ಲಿನೊಳಗೆ ಕರೆಂಟ್ ಮೋಟರ್ ಇಳಿದು ಕಾಲವಾಯ್ತು. ಗಿರಣಿಯೂ ಕರೆಂಟಿನದೇ. ಪೇಟೆಯಲ್ಲಿ ಓಡಿ ಸುಸ್ತಾದ ಆಕ್ಟಿವಾಗಳು ಮಾತ್ರ ಸೆಕೆಂಡ್ ಹ್ಯಾಂಡಾಗಿ ಒಂದೊಂದೇ ಊರಿಗೆ ಬರ್ತಿವೆ. ಮುಂದೆ ಹಾಲಿನ ಕ್ಯಾನು, ಹಿಂದೆ ಹುಲ್ಲಿನ ಹೊರೆ ಹೊತ್ಕೊಂಡು ಇನ್ನೂ ಹತ್ತು ವರ್ಷ ಓಡೋ ಹಾಗಿವೆ. ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನ ಹುಡುಗ ಷಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದಾನೆ: ‘ಟ್ಯಾಪೆಟ್ ಕೆಲಸ ಇದ್ದವರು ಗಾಡಿ ರಾತ್ರಿಯೇ ಬಿಟ್ಟು ಹೋಗುವುದು.’